ಮುಳ್ಳು ಇಳಿದ ಮಧ್ಯಾಹ್ನ

"ಇದು ನೀವೇ ಕಟ್ಟಿದ್ದು ತಾನೇ? ಸೋರ್ತಿದೆ!"

ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವನು ದೊಡ್ಡ ಕಂಪ್ಯೂಟರನ್ನು ಶೀತಲ್‌ಳ ಮೇಜಿನ ಮೇಲಿಟ್ಟ. ಅದರ ಮೂಲೆಯಿಂದ ನೀಲಿ ನೀರಿನ ಹನಿಯೊಂದು ಜಾರಿ ಮೇಜಿನ ಮೇಲೆ ಬಿತ್ತು.

ಶೀತಲ್ ಹನಿಯನ್ನು ನೋಡಲಿಲ್ಲ. ಅವನ ಮುಖ ನೋಡಿದಳು.

"ನನ್ನ ಕೈಯಾಗಿಂದ ಹೋದದ್ದು ಸೋರೂದಿಲ್ರಿ. ನೀವು ಏನ್ ಬಿಚ್ಚೀರಿ, ಮೊದ್ಲ ಅದನ್ನ ಹೇಳ್ರಿ."

"ನಾನಾ? ನಾನ್ಯಾಕೆ ಬಿಚ್ಲಿ?"

ಅವನು ಪುನೀತ. ನಂಜನಗೂಡಿನ ಕಡೆಯವನು, ಈ ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ವಾಸ, ಅಲ್ಲಿನ ಕಂಪನಿಯೊಂದರಲ್ಲಿ ಕೆಲಸ. ತಿಂಗಳ ಹಿಂದೆ ಫೋನಿನಲ್ಲೇ ಆರ್ಡರ್ ಕೊಟ್ಟಿದ್ದ. ಮುಖ ಕಂಡದ್ದು ಇವತ್ತೇ.

ಬಿಬವೇವಾಡಿಯ ಆ ಕಟ್ಟಡದಲ್ಲಿ ಕೆಳಗೆ ಅಪ್ಪ ಗೂಳಪ್ಪನವರ ಎಲೆಕ್ಟ್ರಿಕ್ ಅಂಗಡಿ, ಮೇಲೆ ಮಗಳ ಕೆಲಸದ ಕೋಣೆ, ಅವರ ಮಾತಿನಲ್ಲಿ ಖೋಲಿ. ಶೀತಲ್ ಕಟ್ಟುತ್ತಿದ್ದ ಕಂಪ್ಯೂಟರುಗಳಲ್ಲಿ ಕೊಳವೆಯೊಳಗೆ ನೀರು ಸುತ್ತುತ್ತ ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ಒಂದು ಹನಿ ತಪ್ಪಿದರೂ ಒಳಗಿನದೆಲ್ಲ ಸುಟ್ಟುಹೋಗುವ ಕೆಲಸ ಅದು. ಅದಕ್ಕೇ ನೀರು ತುಂಬುವ ಮೊದಲು ಕೊಳವೆಗೆ ಗಾಳಿ ಹೊಡೆದು, ಒತ್ತಡ ತೋರಿಸುವ ಮೀಟರಿನ ಮುಳ್ಳು ಅರ್ಧ ಗಂಟೆ ಅಲುಗದೆ ನಿಂತರೆ ಮಾತ್ರ ಮುಂದಿನ ಮಾತು.

ಆದರೂ ಮೂರು ತಿಂಗಳ ಹಿಂದೆ ಒಬ್ಬ ಗಿರಾಕಿ ತಾನೇ ಕೊಳವೆ ಬಿಚ್ಚಿ, ನೀರು ಚೆಲ್ಲಿಸಿ, "ಈ ಹುಡುಗಿ ಕಟ್ಟಿದ್ದು ನೋಡಿ" ಎಂದು ವಿಡಿಯೋ ಹಾಕಿದ್ದ. ಸತ್ಯ ಹೊರಬೀಳುವಷ್ಟರಲ್ಲಿ ಅರ್ಧ ಆರ್ಡರುಗಳು ವಾಪಸ್ ಹೋಗಿದ್ದವು!

"ಇನ್ನೊಂದ್ ಸಲ ಹಿಂಗಾದ್ರ ಮ್ಯಾಲಿನ ಖೋಲಿಗೆ ಕೀಲಿ ಹಾಕಿಬಿಡ್ತೀನವ್ವಾ," ಎಂದಿದ್ದರು ಗೂಳಪ್ಪ. ಸಿಟ್ಟಿನಿಂದಲ್ಲ, ದಣಿವಿನಿಂದ.

ಅಂದಿನಿಂದ ಶೀತಲ್‌ಗೆ ಎಲ್ಲರ ಮೇಲೂ ಅನುಮಾನ.

"ಸೋರಿದ್ದು ಯಾವಾಗ ಗೊತ್ತಾತು?"

"ಮನೇಲಿ ಒಬ್ರು ನೋಡಿ ಸ್ವಿಚ್ ಆರಿಸಿದ್ರು. ಇಲ್ಲಾಂದಿದ್ರೆ ಎಲ್ಲಾ ಹೋಗಿರೋದು."

"ಯಾರು ನೋಡಿದ್ರು?"

"ಮನೇಲಿ... ಒಬ್ರು." ಅವನು ಅಷ್ಟಕ್ಕೇ ನಿಲ್ಲಿಸಿದ.

ಹೆಸರು ಹೇಳಾಕ ಇಷ್ಟ್ಯಾಕ ತಡವರಸ್ತಾನ?... ಅವಳ ಮನಸ್ಸು ಅಲ್ಲೇ ಗಂಟು ಹಾಕಿಕೊಂಡಿತು.

ನೀರು ಬಸಿದು, ಗಾಳಿ ಹೊಡೆದಳು. ಮುಳ್ಳು ನಿಂತಿತು. ಹತ್ತು ನಿಮಿಷ... ಇಪ್ಪತ್ತು... ಮೂವತ್ತು. ಕೂದಲೆಳೆಯಷ್ಟೂ ಇಳಿಯಲಿಲ್ಲ.

"ನೋಡ್ರಿ!" ಎಂದು ತಿರುಗಿದವಳು ಬೆಚ್ಚಿಬಿದ್ದಳು. ಅವನ ಫೋನ್ ಅವಳ ಕೈಗಳತ್ತ ಮುಖ ಮಾಡಿತ್ತು.

"ಶೂಟಿಂಗ್ ಮಾಡಾಕತ್ತೀರೇನು?"

"ಅಯ್ಯೋ, ಇಲ್ಲ... ಸುಮ್ನೆ..."

"ಒಳಗ ಇಡ್ರಿ ಅದನ್ನ!"

ಅವನ ಕಿವಿ ಕೆಂಪಾಯಿತು. ಫೋನನ್ನು ಜೇಬಿಗಿಳಿಸಿದ. ಆದರೆ ಎದ್ದು ಹೋಗಲಿಲ್ಲ. ಅವಳು ಹೊಸ ನೀರು ತುಂಬಿ, ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಹಾಸಿ, ಬರೀ ಪಂಪಿಗಷ್ಟೇ ಕರೆಂಟ್ ಕೊಟ್ಟು ಒಂದು ಇಡೀ ದಿನ ಓಡಿಸಿದಳು. ಮರುದಿನ ಅವನು ಬಂದಾಗ ಟಿಶ್ಯೂಗಳೆಲ್ಲ ಒಣಗಿಯೇ ಇದ್ದವು.

"ಒಯ್ರಿ. ಇದರಾಗ ಏನೂ ಐಬಿಲ್ಲ."

"ನೀವು ಹೇಳಿದ್ರೆ ಸರಿ," ಎಂದು ನಕ್ಕ ಅವನು.

ಆ ನಗು ಅವಳಿಗೆ ಇಷ್ಟವಾಗಲಿಲ್ಲ. ಹಾಗಂತ ತನಗೆ ತಾನೇ ಎರಡು ಸಲ ಹೇಳಿಕೊಂಡಳು!

ನಾಲ್ಕನೇ ದಿನ ಅವನು ಮತ್ತೆ ಬಂದ. ಕಂಪ್ಯೂಟರೂ ಬಂತು. ಒಳಗೆ ಮತ್ತೆ ತೇವ!

ಶೀತಲ್ ಟಾರ್ಚ್ ಹಾಕಿ ನೋಡಿದಳು. ಜೋಡಣೆಯೊಂದರ ಮೇಲೆ ಇಕ್ಕಳ ಹಿಡಿದ ಗೀರುಗಳಿದ್ದವು. ಅವಳು ಇಕ್ಕಳ ಮುಟ್ಟುವವಳೇ ಅಲ್ಲ. ಎಲ್ಲವನ್ನೂ ಕೈಯಲ್ಲೇ ಬಿಗಿಯುತ್ತಿದ್ದಳು.

"ಇದೇನು?"

ಪುನೀತ ತಲೆ ತಗ್ಗಿಸಿದ. "ಸ್ವಲ್ಪ ಬಿಗಿ ಮಾಡ್ದೆ. ಹನಿ ನಿಲ್ಲುತ್ತೇನೋ ಅಂತ..."

"ಬಿಚ್ಚಿಲ್ಲ ಅಂದ್ರಿ, ಸುಳ್ಳು! ಶೂಟಿಂಗ್ ಮಾಡಿಲ್ಲ ಅಂದ್ರಿ, ಅದೂ ಸುಳ್ಳು! ಯಾರ್ ಕಳಿಸ್ಯಾರ ನಿಮ್ಮನ್ನ? ನನ್ನ ಖೋಲಿಗೆ ಬೀಗ ಬೀಳೂದನ್ನ ಯಾರ್ ನೋಡಬೇಕಾಗ್ಯದ?"

"ಶೀತಲ್ ಅವ್ರೇ, ನನ್ನನ್ನ ಯಾರೂ ಕಳಿಸಿಲ್ಲ..."

"ಹೋಗ್ರಿ!"

ಅವನು ಕಂಪ್ಯೂಟರನ್ನು ಅಲ್ಲೇ ಬಿಟ್ಟು ಇಳಿದುಹೋದ. ಗದ್ದಲ ಕೇಳಿ ಮೇಲೆ ಬಂದ ಗೂಳಪ್ಪ ಮಗಳ ಮುಖ ನೋಡಿದರು.

"ಮಷಿನ್ ಬಿಟ್ಟು ಹೋದನಲ್ಲ... ಮೋಸ ಮಾಡಾಂವ ಸಾಕ್ಷಿ ಬಿಟ್ಟು ಹೋಗ್ತಾನೇನು?"

ಶೀತಲ್ ಗಾಳಿಯ ಪಂಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವತ್ತೆಲ್ಲ ಮತ್ತೆ ಗಾಳಿ ಹೊಡೆದಳು. ಮುಳ್ಳು ಕದಲಲಿಲ್ಲ. ಇಲ್ಲಿ ಸೋರದ್ದು ಅಲ್ಲಿ ಹೇಗೆ ಸೋರುತ್ತದೆ?

ಕಣ್ಣಾರೆ ನೋಡಿಬಿಡಬೇಕು. ಅವನ ಮನೆಯಲ್ಲೇ, ಅವನ ಎದುರಿಗೇ!

ಭಾನುವಾರ ಮಧ್ಯಾಹ್ನ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಆರ್ಡರಿನಲ್ಲಿದ್ದ ವಿಳಾಸ ಹಿಡಿದು ರಿಕ್ಷಾದಲ್ಲಿ ಖರಾಡಿಗೆ ಹೋದಳು. ಅವನಿಗೆ ಫೋನ್ ಮಾಡಲಿಲ್ಲ. ಹೇಳಿ ಹೋದರೆ ಕಳ್ಳ ಸಿಗುತ್ತಾನೆಯೇ?

ಬಾಗಿಲು ತೆರೆದವನು ಪುನೀತ. ಕೈಯಲ್ಲಿ ಬಿಸಿನೀರಿನ ರಬ್ಬರ್ ಚೀಲ. ಅವಳನ್ನು ಕಂಡು ದಾರಿ ಬಿಟ್ಟು ಸರಿದ.

"ಯಾರ್ಲಾ ಅದು?" ಒಳಗಿನಿಂದ ಕ್ಷೀಣ ದನಿ.

"ಅಮ್ಮಾ... ಕಂಪ್ಯೂಟರ್ ಕಟ್ಟಿದವ್ರು."

ಒಂದೇ ಕೋಣೆಯ ಮನೆ. ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಮೇಜಿಗೇ ಬೀಳುತ್ತಿತ್ತು. ಮೂಲೆಯ ಮಂಚದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ತಾಯಿ ದೇವೀರಮ್ಮ ಒರಗಿದ್ದರು.

"ಬಾ ಕನವ್ವ, ಕೂತ್ಕೊ. ನಿನ್ ಕೈ ನಂಗೆ ಚೆಂದಾಗಿ ಗೊತ್ತು!"

"ನನ್ ಕೈ?"

"ಇವನು ಪಿಲಮ್ಮು ತಕ್ಕಂಡ್ ಬಂದು ತೋರಿಸ್ದ. ನೀರನ್ನೂ ಕರೆಂಟನ್ನೂ ಒಂದೇ ಡಬ್ಬದೊಳಗೆ ಮಡಗವ್ನೆ ಅಂತ ನಂಗೆ ಪರಾಣಭಯ ಕನವ್ವ! ಹನಿ ಬಿದ್ದಿದ್ ನೋಡಿ ಮೈನು ಆರಿಸ್ದೋಳೂ ನಾನೇಯ. ಅದಕ್ಕೆ, ನೋಡವ್ವ, ಆ ಹುಡ್ಗಿ ಎಷ್ಟ್ ಜೋಪಾನವಾಗಿ ಮಾಡ್ತಾಳೆ ಅಂತ ತೋರ್ಸಿ ಧೈರ್ಯ ಹೇಳ್ದ."

ಶೀತಲ್‌ಳ ಮುಖ ಬಿಸಿಯಾಯಿತು.

ಪುನೀತ ಮೆಲ್ಲಗೆ ಹೇಳಿದ, "ತಲೆಗೆ ಆಪರೇಷನ್ ಆಗಿದೆ. ಫ್ಯಾನಿನ ಗುಂಯ್ ಅನ್ನೋ ಸದ್ದನ್ನೂ ತಡ್ಕೊಳಲ್ಲ. ನಾನು ಇಲ್ಲೇ ಕೂತು ಕೆಲಸ ಮಾಡ್ಬೇಕು. ಅದಕ್ಕೇ ಸದ್ದಿಲ್ಲದ ಕಂಪ್ಯೂಟರ್ ಬೇಕಿತ್ತು."

"ಅವತ್ತ ಯಾಕ ಹೇಳ್ಲಿಲ್ರಿ?"

"ಅಮ್ಮನ ಕಾಯಿಲೆ ಮುಂದಿಟ್ಟು ನಿಮ್ಮ ಹತ್ರ ಕೆಲಸ ಮಾಡಿಸ್ಕೊಳ್ಳೋದು ಸರಿ ಅನ್ನಿಸ್ಲಿಲ್ಲ."

ಅವಳು ತಾನು ತಂದಿದ್ದ ಗಾಳಿಯ ಪಂಪ್ ತೆಗೆದಳು. ನೀರು ಬಸಿದು ಗಾಳಿ ಹೊಡೆದಳು. ಮುಳ್ಳು ನಿಂತಿತು. ಐದು ನಿಮಿಷ... ಬಿಸಿಲು ಮೇಜಿನ ಮೇಲೆ ಸುಡುತ್ತಿತ್ತು. ಥಟ್ಟನೆ ಏನೋ ಹೊಳೆಯಿತು.

ಬಿಸಿ! ತನ್ನ ಖೋಲಿಯಲ್ಲಿ ಫ್ಯಾನಿನ ಕೆಳಗೆ, ತಣ್ಣಗಿದ್ದಾಗಲಷ್ಟೇ ನೋಡಿದ್ದಲ್ಲವೇ?

"ಆ ಚೀಲ ಕೊಡ್ರಿ ಇಲ್ಲಿ!"

ನೀರು ತುಂಬುವ ಪುಟ್ಟ ಟ್ಯಾಂಕಿಗೆ ಬಿಸಿ ಚೀಲವನ್ನು ಒತ್ತಿಹಿಡಿದಳು. ಗಾಳಿ ಕಾದು ಮುಳ್ಳು ಮೊದಲು ಚೂರು ಮೇಲೇರಿತು. ಆಮೇಲೆ ನಿಧಾನವಾಗಿ ಕೆಳಗಿಳಿಯತೊಡಗಿತು!

"ಸಾಬೂನಿನ ನೊರೆ ತರ್ರಿ!"

ಟ್ಯಾಂಕಿನ ತಳದ ಅಂಚಿಗೆ ನೊರೆ ಬಳಿದಳು. ಒಂದು ಗುಳ್ಳೆ ಉಬ್ಬಿತು... ಇನ್ನೊಂದು... ಕೂದಲೆಳೆಯಂಥ ಬಿರುಕು, ಕಾದಾಗಷ್ಟೇ ಬಾಯಿ ಬಿಡುತ್ತಿತ್ತು.

ಪುನೀತ ಖುಷಿಯಿಂದ ಕೂಗಲು ಹೋಗಿ, ತಾಯಿಯ ನೆನಪಾಗಿ ಬಾಯಿ ಮುಚ್ಚಿಕೊಂಡ. ಶೀತಲ್ ಮಾತ್ರ ಕುಸಿದು ಕೂತಳು.

"ನಿಮ್ಮ ತಪ್ಪಲ್ರಿ. ನಂದು. ಬಿಸಿ ಮಾಡಿ ನೋಡಬೇಕಿತ್ತು, ನೋಡ್ಲಿಲ್ಲ. ಮ್ಯಾಲ ನಿಮಗ... ಏನೇನೋ ಅಂದೆ." ಅವಳ ಕಣ್ಣು ತುಂಬಿತು. "ನಿಮ್ಮ ಹತ್ರ ವಿಡಿಯೋ ಅದ, ಎಲ್ಲಾರಿಗೂ ತೋರಸ್ರಿ. ನಾ ತಪ್ಪು ಮಾಡೀನಿ ಅಂತ ನಾನಽ ಹೇಳ್ತೀನಿ."

"ಅದನ್ನ ಅಮ್ಮನಿಗೆ ಬಿಟ್ಟು ಯಾರಿಗೂ ತೋರಿಸಲ್ಲ," ಎಂದ ಅವನು. "ಮತ್ತೆ... ಅಮ್ಮ ಎರಡೇ ಸಲ ನೋಡಿದ್ದು. ಉಳಿದಿದ್ದೆಲ್ಲ ನಾನೇ ನೋಡಿದ್ದು."

ಶೀತಲ್ ತಲೆ ಎತ್ತಲಿಲ್ಲ.

ಬುಧವಾರ ಹೊಸ ಟ್ಯಾಂಕ್ ಕೂಡಿಸಿದಳು. ಈ ಸಲ ತಣ್ಣಗಿದ್ದಾಗಲೂ ನೋಡಿದಳು, ಬಿಸಿ ಮಾಡಿಯೂ ನೋಡಿದಳು. ಸಂಜೆ ಖರಾಡಿಯ ಆ ಮೇಜಿನ ಮೇಲೆ ಕಂಪ್ಯೂಟರ್ ಸದ್ದಿಲ್ಲದೆ ಓಡಿತು. ಪಕ್ಕದಲ್ಲೇ ದೇವೀರಮ್ಮ ನಿದ್ದೆ ಹೋಗಿದ್ದರು. ಟಿಶ್ಯೂ ಒಣಗಿತ್ತು.

ಪುನೀತ ಅವಳನ್ನು ಬೀಳ್ಕೊಡಲು ಗೇಟಿನವರೆಗೂ ಬಂದ.

"ಖರಾಡಿಯಲ್ಲೂ ರಿಪೇರಿಯವ್ರು ಇದ್ದಾರೆ, ಗೊತ್ತಾ? ಆದ್ರೂ ನಾನು ಊರು ದಾಟಿ ನಿಮ್ಮ ಹತ್ರಾನೇ ಬರ್ತಿದ್ದೆ."

"ಗೊತ್ತದ."

"ಇನ್ಮೇಲೆ ಸೋರಲ್ಲ. ಯಾವ ನೆಪ ಹೇಳಿ ಬರ್ಲಿ?"

"ನೆಪ ಯಾಕ? ಸುಳ್ಳಂದ್ರ ನನಗ ಆಗೂದಿಲ್ಲ," ಎಂದಳು ಶೀತಲ್, ದುಪ್ಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಶೀತಲ್‌ನ ನೋಡಾಕ ಬಂದೀನಿ ಅಂತ ಅಪ್ಪಾರ ಮುಂದ ಖರೇ ಹೇಳಿ ಬರ್ರಿ."

"ಅವ್ರು ಏನಂತಾರೋ?"

"ಚಹಾ ಕುಡೀರಿ ಅಂತಾರ."

"ನೀವು ಏನಂತೀರಾ?"

ಅವಳು ಮೊದಲ ಬಾರಿಗೆ ಯಾವ ಅನುಮಾನವೂ ಇಲ್ಲದೆ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಬಾ ಅಂತೀನಿ, ಪುನೀತ... ನಾಳೇನಽ ಬಾ."