ಅಳುವಿನ ಮೇಲೆ ತಾಳ

ವುಕಾಶಿನ್ ಬಂದಾಗ ರುಜಿತ್ಸಾ ಸಾರಾಯಿ ಭಟ್ಟಿಯ ಹಂಡೆಯನ್ನು ಕಲಕುವ ಹಿಡಿಕೆ ತಿರುಗಿಸುತ್ತಿದ್ದಳು. ಒಳಗೆ ಹುಳಿಬಂದ ಪ್ಲಮ್ ಹಣ್ಣಿನ ರಾಡಿ ಕುದಿಯುತ್ತಿತ್ತು. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಅವನ ರಾಕ್ ಬ್ಯಾಂಡಿಗೆ ಅವಳೇ ಡ್ರಮ್ಮರ್. ಬೇಸಿಗೆಯ ಕೊನೆಗೆ ಅವಳನ್ನು ಬಿಟ್ಟು ಬೆಲ್‌ಗ್ರೇಡಿಗೆ ಹೋದವನು ಈಗ ಏನೂ ಆಗದವನಂತೆ ಬಾಗಿಲಲ್ಲಿ ನಗುತ್ತ ನಿಂತಿದ್ದ.

"ಮುಖಕ್ಕೆ ಮಸಿ ಹತ್ತಿದೆ," ಎಂದ ಮೆಲ್ಲಗೆ. "ಆದ್ರೂ ಚೆನ್ನಾಗಿ ಕಾಣ್ತೀಯ."

"ಕನ್ನಡಕ ಬೇಕೇನೋ ನಿಂಗೆ."

ಬೇಡವೆಂದರೂ ಕಿವಿ ಬಿಸಿಯಾಯಿತು. ಅವನು ಬರಲೆಂದು ಅವಳು ಕಾದಿದ್ದಳು. ತನಗೆ ತಾನೇ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಭಟ್ಟಿ ಹಚ್ಚಿದ ಮನೆಗೆ ಬಂದವರು ಬಿಸಿ ಪ್ಲಮ್ ಸಾರಾಯಿ ರಕಿಯಾದ ರುಚಿ ನೋಡದೆ ಹೋಗುವಂತಿಲ್ಲ. ನೆರೆಯ ಮುದುಕರು ಆಗಲೇ ಬೆಂಚು ತುಂಬಿದ್ದರು. ಅವಳ ಅಪ್ಪ ಸ್ರೆತೆನ್ ಅವನಿಗೂ ಪುಟ್ಟ ಗ್ಲಾಸು ಚಾಚಿದ.

"ಏನಪ್ಪಾ ದೊಡ್ಡ ಗಾಯಕ, ಬರಿಗೈಲಿ ಬಂದ್ಯಾ?"

"ಇಲ್ಲ ಮಾವ, ಹಾಡು ತಂದಿದೀನಿ. ಇವಳಿಗೋಸ್ಕರಾನೇ ಮಾಡಿದ್ದು."

"ಮಾವ ಇನ್ನೂ ಆಗಿಲ್ಲ. ಸುಮ್ನೆ ಕುಡಿ."

ಎಲ್ಲರೂ ನಕ್ಕರು. ಅವನು ಫೋನಿಗೆ ಸ್ಪೀಕರ್ ಸಿಕ್ಕಿಸಿದ.

ಮೊದಲು ಒಂದು ಹೆಣ್ಣಿನ ಅಳು. ಬಿಕ್ಕುತ್ತ, ಮೂಗು ಎಳೆಯುತ್ತ: "ಹೋಗ್ಬೇಡ, ನಾನೇನು ಮಾಡ್ದೆ ಅಂತ ಹೇಳಿಯಾದ್ರೂ ಹೋಗು." ಅದರ ಬೆನ್ನಿಗೇ ಗಿಟಾರು ಗುಡುಗಿತು. ರುಜಿತ್ಸಾಳೇ ಹಿಂದೆ ಡ್ರಮ್ಮಿನಲ್ಲಿ ಹಾಕಿಕೊಟ್ಟಿದ್ದ ತಾಳ ಓಡತೊಡಗಿತು.

"ಭಲೇ!" ಒಬ್ಬ ಮುದುಕ ತೊಡೆ ತಟ್ಟಿದ. "ಯಾರಯ್ಯಾ ಆ ಹುಡ್ಗಿ? ನಿಜವಾಗ್ಲೂ ಅತ್ತ ಹಾಗಿದೆ!"

ರುಜಿತ್ಸಾ ನಿಜವಾಗಿಯೇ ಅತ್ತಿದ್ದಳು, ಅವನು ಬಿಟ್ಟು ಹೋದ ದಿನ, ಬಸ್ ನಿಲ್ದಾಣದ ಹಿಂದೆ. ಅವಳು ಅಳುತ್ತಿದ್ದಾಗ ಅವನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದನೆಂದು ಈಗ ತಿಳಿಯಿತು.

ಹಾಡು ಚೆನ್ನಾಗಿತ್ತು. ಅದನ್ನೇ ತಡೆಯಲಾಗಲಿಲ್ಲ. ಹಿಡಿಕೆಯ ಮೇಲಿನ ಅವಳ ಕೈ ತಾನಾಗಿ ಆ ಲಯಕ್ಕೆ ತಿರುಗುತ್ತಿತ್ತು. ಬಾಯಿಗಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕಿದಂತಾಯಿತು.

ಅವನು ಪಕ್ಕಕ್ಕೆ ಬಂದ. "ನೀನಿಲ್ದೆ ಆಗ್ತಿಲ್ಲ ಕಣೆ. ತಪ್ಪು ನಂದೇ. ಶನಿವಾರ ಸ್ಟೇಜ್ ಮೇಲೆ ನೀನೇ ಬಾರಿಸ್ಬೇಕು. ಆಮೇಲೆ ನನ್ನ ಜೊತೇಲೇ ಬೆಲ್‌ಗ್ರೇಡಿಗೆ ಬಾ."

ಕಾದಿದ್ದ ಮಾತು ಅದೇ. ಅವಳು ಅವನ ಕಣ್ಣು ನೋಡಿದಳು. ಆ ಉದ್ದನೆಯ ರೆಪ್ಪೆಗಳು ಇನ್ನೂ ಎದೆಯಲ್ಲಿ ಏನನ್ನೋ ಮೀಟಿದವು.

"ಆ ಅಳು ತೆಗೆದುಹಾಕು. ಬರ್ತೀನಿ."

ಅವನು ತುಟಿ ಕಚ್ಚಿ ಯೋಚಿಸಿದ.

"ಅದಿಲ್ದಿದ್ರೆ ಹಾಡಲ್ಲಿ ಏನಿದೆ ಹೇಳು? ಎಲ್ರೂ ಮೆಚ್ಕೊಂಡಿರೋದೇ ಅದನ್ನ. ನಿನ್ನ ಹೆಸ್ರೇನೂ ಹಾಕಿಲ್ವಲ್ಲ."

ರಕಿಯಾ ಅಂಟಿ ಒದ್ದೆಯಾಗಿದ್ದ ಅವನ ಬಾಯಿ ಕಂಡಿತು. ಅದಕ್ಕೆ ಮುತ್ತಿಟ್ಟಿದ್ದೆನಲ್ಲ ಎಂದು ಹೇಸಿ, ಅವಳು ತೋಳಿನಿಂದ ತನ್ನ ತುಟಿ ಒರೆಸಿಕೊಂಡಳು, ಉರಿಯುವಷ್ಟು.

"ಏನಾದ್ರೂ ಹೇಳೇ. ಬೈದಾದ್ರೂ ಬಿಡು."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೆಯ, ಎದೆಯಾಳದ ಬೈಗುಳ. ಇದನ್ನೂ ಇವನು ಹಾಡು ಮಾಡುತ್ತಾನೆ, ಅದಕ್ಕೂ ಜನ ಕುಣಿಯುತ್ತಾರೆ ಎಂದು ಹೊಳೆಯಿತು. ಅವಳು ಅದನ್ನು ನುಂಗಿಕೊಂಡಳು.

ಅವನು ಕಾದ. ಗ್ಲಾಸು ಬರಿದಾಗುವವರೆಗೂ ಕಾದ. ಅವಳು ಅವನಿಗೆ ಒಂದು ನಿಟ್ಟುಸಿರಿನ ಸದ್ದನ್ನೂ ಕೊಡಲಿಲ್ಲ.