ಬಾಗಿಲಂಚಿನ ನೀಲಿ ಬಣ್ಣ

ತಗಡಿನ ಪೆಟ್ಟಿಗೆಯೊಳಗೆ ಇಟ್ಟಿದ್ದ ನನ್ನ ಫೋನು ರಿಂಗ್ ಆಯಿತು. ಪೆಟ್ಟಿಗೆಯ ಬಾಗಿಲ ಚಿಲಕವನ್ನು ಇನ್ನಷ್ಟು ಬಿಗಿದೆ. ಮತ್ತೆ ರಿಂಗ್ ಆಯಿತು.

ಮೇಡಂ ತಮ್ಮ ಫೋನನ್ನು ಕಿವಿಯಿಂದ ತೆಗೆದು ನನ್ನನ್ನೇ ನೋಡಿದರು. "ಒಳಗೆ ಸಿಗ್ನಲ್ ಹೋಗ್ಬಾರದು ಮೇಸ್ತ್ರಿ. ಹೋಗ್ತಾ ಇದೆ."

"ನಿಮ್ಮ ಡ್ರಾಯಿಂಗ್‌ಗೆ ಕೂದಲೆಳೆ ತಪ್ಪದೆ ಮಾಡಿದ್ದೀನಿ. ತಪ್ಪಿದ್ರೆ ಡ್ರಾಯಿಂಗ್‌ದು!" ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

"ಕೂಗ್ಬೇಡಿ. ಕೂಗೋಕೆ ನನಗೂ ಬರುತ್ತೆ." ಕಣ್ಣು ಕೂಡ ಮಿಟುಕಿಸಲಿಲ್ಲ. ಹಾಳಾದ್ದು, ಆ ನೋಟಕ್ಕೇ ನಾನು ಸೋತಿದ್ದು.

ರೋಗಿಗಳು ಮಲಗಿದಲ್ಲಿಂದಲೇ ನರ್ಸನ್ನು ಕರೆಯಲು ಒತ್ತುವ ಪುಟ್ಟ ವೈರ್‌ಲೆಸ್ ಗಂಟೆಯನ್ನು ಮೇಡಂ ಮಾಡಿದ್ದರು. ಹೊರಗಿನ ಫೋನು, ವೈಫೈಗಳ ಗದ್ದಲ ತಾಗದ ಪೆಟ್ಟಿಗೆಯಲ್ಲಿಟ್ಟು ಅದನ್ನು ಪರೀಕ್ಷಿಸಬೇಕಿತ್ತು. ಕಂಪನಿಯ ಪೆಟ್ಟಿಗೆ ತರಿಸಿದರೆ ಒಂದು ಕಾರಿನ ಬೆಲೆ. ಅದಕ್ಕೇ ನನ್ನ ತಗಡು ಕೆಲಸದ ಶೆಡ್ಡಿಗೆ ಬಂದಿದ್ದರು. ನಾಳೆ ಬೆಳಿಗ್ಗೆ ಆಸ್ಪತ್ರೆಯವರು ಪರೀಕ್ಷೆ ನೋಡಲು ಮೇಡಂ ವರ್ಕ್‌ಶಾಪಿಗೆ ಬರುತ್ತಾರೆ. ಅವರು ಒಪ್ಪದಿದ್ದರೆ ಮೇಡಂ ವರ್ಕ್‌ಶಾಪ್ ಮುಚ್ಚಿ ತಮ್ಮನ ಊರಿಗೆ ಕೆಲಸಕ್ಕೆ ಹೊರಡುತ್ತಾರೆ. ನಲವತ್ತು ದಾಟಿದ ಮೇಲೆ ಒಬ್ಬರು ಮನಸ್ಸಿಗೆ ಬಂದಿದ್ದರು, ಅವರೂ ಹೊರಟರೆ ನನ್ನ ಗತಿಯೇನು?

ನನ್ನ ಜೊತೆ ಶೆಡ್ಡು ನಡೆಸುವ ಅಕ್ಕ ಮೂಲೆಯಿಂದ ಬಾಯಿ ಹಾಕಿದಳು. "ಬೀರು ಮಾಡಿಸೋರಿಗೆ ಒಂದು ಕೋಟ್ ಬಣ್ಣ ಬಳಿಯೋಕೆ ಅಳ್ತಾನೆ ಮೇಡಂ. ನಿಮ್ಮ ಪೆಟ್ಟಿಗೆ ನೋಡಿ! ಒಳಗೆ, ಹೊರಗೆ, ಬಾಗಿಲಂಚನ್ನೂ ಬಿಟ್ಟಿಲ್ಲ. ನಿಮ್ಮ ಸ್ಕೂಟರಿನ ನೀಲಿನೇ ಬೇಕು ಅಂತ ಅಂಗಡಿ ಅಂಗಡಿ ಸುತ್ತಿ ತಂದ."

"ಅಕ್ಕಾ, ಸುಮ್ನಿರ್ತೀಯಾ?" ನನ್ನ ಕಿವಿ ಕಾದ ತಗಡಾಯಿತು.

ಮೇಡಂ ನಗಲಿಲ್ಲ. ಬಾಗಿಲಂಚನ್ನು ಉಗುರಿನಿಂದ ಕೆರೆದರು. "ಇಲ್ಲಿದೆ! ಬಾಗಿಲ ಸುತ್ತ ತಾಮ್ರದ ಜಾಲರಿ ಕೂರಿಸಿದ್ದೇ ಲೋಹಕ್ಕೆ ಲೋಹ ಮುಟ್ಟಲಿ ಅಂತ. ನಡುವೆ ಬಣ್ಣ ಕೂತ್ಬಿಟ್ಟಿದೆ. ಸಿಗ್ನಲ್ ಅಲ್ಲೇ ನುಸುಳ್ತಿದೆ." ಆಮೇಲೆ ದನಿ ತಗ್ಗಿಸಿದರು. "ಅಂಚಿಗೆ ಬಣ್ಣ ಬೇಡ ಅಂತ ನಾನೂ ಹೇಳಿರ್ಲಿಲ್ಲ."

"ಹೇಳಿದ್ರೂ ಬಳೀತಿದ್ದೆ. ಚೆಂದ ಕಾಣ್ಲಿ ಅಂತ."

"ಯಾರಿಗೆ?"

ನಾನು ಸ್ಯಾಂಡ್ ಪೇಪರ್ ಹುಡುಕಿದೆ. "ನೀವು ಮನೆಗೆ ಹೋಗಿ. ಕತ್ತಲಾಗೋದ್ರೊಳಗೆ ನಾನು ಕೆರೆದು ಮುಗಿಸ್ತೀನಿ."

"ಗಂಟೆ ನಂದು. ನನಗೂ ಒಂದು ಕೊಡಿ."

ಅವರು ಅತ್ತಲಿಂದ, ನಾನು ಇತ್ತಲಿಂದ ಉಜ್ಜತೊಡಗಿದೆವು. ಸಂಜೆಯ ಬಿಸಿಲು ಅವರ ತೋಳಿನ ಮೇಲಿತ್ತು. ಮೇಲಿನ ಮೂಲೆಯಲ್ಲಿ ನಮ್ಮ ಬೆರಳುಗಳು ತಾಗಿದವು. ಅವರು ಕೈ ಎಳೆದುಕೊಳ್ಳಲಿಲ್ಲ.

"ಕೆನ್ನೆ ಮೇಲೆ ಪುಡಿ ಬಿದ್ದಿದೆ," ಎಂದೆ.

"ಒರೆಸಿ ಮತ್ತೆ."

"ನನ್ನ ಕೈ ಇನ್ನೂ ಗಲೀಜು."

"ಕಾಣ್ತಿದೆ. ಆದ್ರೂ ಹೇಳ್ದೆ."

ಒರೆಸಿದೆ. ಪುಡಿ ಇನ್ನಷ್ಟು ಹರಡಿತು. ಅಕ್ಕನಿಗೆ ಇದ್ದಕ್ಕಿದ್ದಂತೆ ಹೊರಗೆ ಏನೋ ಕೆಲಸ ನೆನಪಾಯಿತು.

ಅಂಚು ಬೆಳ್ಳಿಯಂತೆ ಹೊಳೆದ ಮೇಲೆ ಫೋನನ್ನು ಒಳಗಿಟ್ಟು ಬಾಗಿಲು ಹಾಕಿದೆ. ಮೇಡಂ ಕರೆ ಮಾಡಿದರು. ಇಬ್ಬರೂ ಪೆಟ್ಟಿಗೆಗೆ ಕಿವಿಯಿಟ್ಟೆವು. ಮುಖಗಳ ನಡುವೆ ಒಂದು ಗೇಣು. ಒಳಗೆ ಸದ್ದಿಲ್ಲ. ಅವರ ಫೋನಿನಲ್ಲಿ ಹೆಣ್ಣು ದನಿಯೊಂದು ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು.

ಗೆದ್ದಿದ್ದೆವು. ಆದರೂ ಯಾರೂ ಕಿವಿ ತೆಗೆಯಲಿಲ್ಲ.

"ನಾಳೆ ಅವರು ಒಪ್ಪದಿದ್ರೂ ಊರು ಬಿಡ್ಬೇಡಿ," ಎಂದೆ. "ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನೀವು ನನಗೆ ಬೇಕು."

"ಒಪ್ಪದಿದ್ರೆ ಇನ್ನೊಂದು ಆಸ್ಪತ್ರೆ. ಅವರೂ ಒಪ್ಪದಿದ್ರೆ ಮತ್ತೊಂದು." ಅವರ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು. "ತಮ್ಮನಿಗೆ ಇವತ್ತೇ ಹೇಳ್ತೀನಿ, ಬರಲ್ಲ ಅಂತ. ನೀವು ಬೆಳಿಗ್ಗೆ ಬೇಗ ಬನ್ನಿ. ಆದ್ರೆ ಮೇಸ್ತ್ರಿ ಅಂತ ಪರಿಚಯ ಮಾಡ್ಕೊಡಲ್ಲ."

"ಮತ್ತೇನಂತ?"

"ನಮ್ಮ ಮನೆಯವರಾಗೋರು ಅಂತ."