ವಾಂಡಾ ಕಲಿತ ಹಾಡು

"ಬೇಡ ಬೇಡ ಬಂದೂಕು, ನಾ ಮನೆಯಲ್ಲೇ ಇರಬೇಕು..."

ವಾಂಡಾ ಹಾಡುತ್ತ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದಳು. ಅಪ್ಪ ಕಾಫಿ ಕಪ್ಪನ್ನು ಟೇಬಲ್ ಮೇಲೆ ಕುಕ್ಕಿದ.

"ಯಾರೇ ಕಲಿಸಿದ್ದು ಇದನ್ನ?"

"ಪ್ರೆಸ್ಟನ್."

"ಡಾಕ್ಟರ ಮಗನಾ? ನಿಮ್ಮಣ್ಣ ಸೈನ್ಯಕ್ಕೆ ಹೊರಟಿದ್ದಾನೆ, ನೀನು ಅವನನ್ನ ಅಣಕಿಸ್ತೀಯಾ? ಈ ಮನೇಲಿ ಆ ಹಾಡು ಬೇಡ!"

ವಾಂಡಾ ಜಾಮಿನ ಚಮಚ ಕೆಳಗಿಟ್ಟಳು. ಅಣಕಿಸೋದಾ? ರಾಗ ಚೆನ್ನಾಗಿತ್ತು, ಹಾಡಿದ್ದಳು, ಅಷ್ಟೇ.

"ಬಿಡಪ್ಪ, ಪಾಪ," ಎಂದ ಅಣ್ಣ ಲಿಯೋನ್. "ನನಗಿಂತ ಚೆನ್ನಾಗಿ ಹಾಡ್ತಾಳೆ."

ಲಿಯೋನ್‌ಗೆ ಹತ್ತೊಂಬತ್ತು ವರ್ಷ. ಅಪ್ಪನ ಜೊತೆ ಉಕ್ಕಿನ ಕಾರ್ಖಾನೆಯಲ್ಲೇ ಕೆಲಸ. ಹೋದ ತಿಂಗಳು ಸರ್ಕಾರದಿಂದ ಕಾಗದ ಬಂದಿತ್ತು. ಸೈನ್ಯಕ್ಕೆ ಸೇರಲೇಬೇಕು. ಅಲ್ಲಿಂದ ವಿಯೆಟ್ನಾಂ ಯುದ್ಧಕ್ಕೆ ಎಂದು ಎಲ್ಲರೂ ಹೇಳುತ್ತಿದ್ದರು.

ಅಮ್ಮ ಶನಿವಾರ ಗುಡ್ಡದ ಮೇಲಿನ ಡಾಕ್ಟರ ಮನೆಗೆ ಬಟ್ಟೆ ಇಸ್ತ್ರಿ ಮಾಡಲು ಹೋಗುತ್ತಿದ್ದಳು. ವಾಂಡಾ ಜೊತೆಗೆ ಹೋದಾಗ ಪ್ರೆಸ್ಟನ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಗಿಟಾರ್ ನುಡಿಸುತ್ತ ಈ ಹಾಡು ಕಲಿಸಿದ್ದ.

"ಪ್ರೆಸ್ಟನ್‌ಗೂ ಹತ್ತೊಂಬತ್ತೇ ಅಲ್ವಾ? ಅವನಿಗ್ಯಾಕೆ ಕಾಗದ ಬರಲಿಲ್ಲ?" ಎಂದು ಕೇಳಿದಳು ವಾಂಡಾ.

"ಅವನು ಕಾಲೇಜಲ್ಲಿದ್ದಾನೆ ಕಣೇ. ಓದು ಮುಗಿಯೋವರೆಗೂ ಅಂಥವರನ್ನ ಸೈನ್ಯಕ್ಕೆ ಕರೆಯಲ್ಲ," ಎಂದ ಲಿಯೋನ್.

"ಹಾಗಾದ್ರೆ ನೀನೂ ಕಾಲೇಜು ಸೇರ್ಕೋ! ಇವತ್ತೇ!"

ಲಿಯೋನ್ ನಕ್ಕ. ಅಮ್ಮ ನಗಲಿಲ್ಲ. ಅಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ತಾನು ಏನು ತಪ್ಪು ಹೇಳಿದೆ ಎಂದು ವಾಂಡಾಗೆ ತಿಳಿಯಲೇ ಇಲ್ಲ.

ಗುರುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಜನ ತುಂಬಿದ್ದರು. ಲಿಯೋನ್ ಅಮ್ಮನನ್ನು ತಬ್ಬಿಕೊಂಡು, ಸೈನ್ಯಕ್ಕೆ ಹೊರಟ ಹುಡುಗರ ಬಸ್ ಹತ್ತಿದ. ಆಗ ರಸ್ತೆಯ ಆಚೆ ಬದಿಯಿಂದ ಅದೇ ಹಾಡು ಕೇಳಿಸಿತು. ಇಪ್ಪತ್ತು ಜನ ಹುಡುಗ ಹುಡುಗಿಯರು ಯುದ್ಧ ಬೇಡ ಎಂಬ ಬೋರ್ಡು ಹಿಡಿದು ನಿಂತಿದ್ದರು. ನಡುವೆ ಪ್ರೆಸ್ಟನ್.

"ಹೇಡಿಗಳು!" ಎಂದು ಯಾರೋ ಕೂಗಿದರು. ಅಪ್ಪನ ಕುತ್ತಿಗೆ ಕೆಂಪಾಯಿತು.

ವಾಂಡಾ ರಸ್ತೆಯ ಎರಡೂ ಬದಿ ನೋಡಿದಳು. ಯುದ್ಧಕ್ಕೆ ಕಳಿಸಬೇಡಿ ಎಂದು ಅವರು ಹಾಡುತ್ತಿದ್ದಾರೆ. ಅಣ್ಣ ಹೋಗಬಾರದು ಎಂದೇ ಅವಳಿಗೂ ಆಸೆ. ಮತ್ತೆ ಅಪ್ಪನಿಗೇಕೆ ಅವರ ಮೇಲೆ ಸಿಟ್ಟು? ಅಣ್ಣನ ಕಡೆಯವರು ಯಾರು?

ಅವಳು ಅಪ್ಪನ ಕೈ ಬಿಡಿಸಿಕೊಂಡು ರಸ್ತೆ ದಾಟಿದಳು.

"ವಾಂಡಾ! ಬಾ, ಹಾಡು. ಇದು ನಿಮ್ಮಣ್ಣನಿಗೋಸ್ಕರಾನೇ," ಎಂದ ಪ್ರೆಸ್ಟನ್.

"ಹಾಡಿದ್ರೆ ಬಸ್ ನಿಲ್ಲುತ್ತಾ?"

"ಇವತ್ತು ನಿಲ್ಲಲ್ಲ..."

"ಓದು ಮುಗಿದ ಮೇಲೆ ನಿಂಗೆ ಕಾಗದ ಬಂದ್ರೆ?"

ಪ್ರೆಸ್ಟನ್ ಗಿಟಾರಿನ ತಂತಿ ತಡವಿದ. "ಅಪ್ಪನ ಡಾಕ್ಟರ್ ಫ್ರೆಂಡ್ ಒಬ್ರು ಸರ್ಟಿಫಿಕೇಟ್ ಕೊಡ್ತಾರಂತೆ. ಮಂಡಿ ಸರಿಯಿಲ್ಲ ಅಂತ."

ವಾಂಡಾ ಅವನ ಮಂಡಿ ನೋಡಿದಳು. ಅವನೂ ನೋಡಿಕೊಂಡ. ಆಮೇಲೆ ಅವನು ಹಾಡಲಿಲ್ಲ.

ಬಸ್ ಹೊರಟಿತು.

"ಕಿಟಕಿ ಹತ್ತಿರ ಕೂತಿರೋ ಆ ಕೆಂಪು ಕೂದಲಿನವನು ಯಾರು?" ಮೆಲ್ಲಗೆ ಕೇಳಿದ ಪ್ರೆಸ್ಟನ್.

"ರೋಲಂಡ್. ನಮ್ಮ ಬೀದಿಯವನು. ಅವನ ಪಕ್ಕ ಬೇಕರಿ ಡೊಮಿನಿಕ್. ಹಿಂದೆ ಕ್ಲಾರೆನ್ಸ್, ನಮ್ಮ ಸ್ಕೂಲಲ್ಲಿ ಕಸ ಗುಡಿಸ್ತಾನಲ್ಲ, ಅವನು. ಆಮೇಲೆ ಅಣ್ಣ..."

ಎಲ್ಲರೂ ಕಾರ್ಖಾನೆ ಕಡೆಯ ಬೀದಿಗಳವರೇ. ಬಸ್ ತಿರುಗುವವರೆಗೂ ಅವಳು ಒಂದೊಂದೇ ಕಿಟಕಿ ನೋಡಿದಳು. ಗುಡ್ಡದ ಮೇಲಿನ ಮನೆಗಳವರು ಒಬ್ಬರೂ ಕಾಣಲಿಲ್ಲ.

ಅವಳು ಮರಳಿ ರಸ್ತೆ ದಾಟಿ ಬಂದಳು. ಅಪ್ಪ ಬೈಯಲಿಲ್ಲ. ಖಾಲಿ ರಸ್ತೆಯನ್ನೇ ನೋಡುತ್ತಿದ್ದ.

"ಅಪ್ಪ, ಹಾಡು ಒಳ್ಳೇದೇ."

"ಗೊತ್ತು ಕಣೇ," ಎಂದ ಅಪ್ಪ. "ನಂಗೂ ಹಾಡ್ಬೇಕು ಅನ್ಸುತ್ತೆ. ಆದ್ರೆ ಹೋಗದೇ ಉಳಿಯೋರ ಜೊತೆ ನಿಂತು ಹೇಗೆ ಹಾಡ್ಲಿ?"

ವಾಂಡಾ ಅಪ್ಪನ ಒರಟು ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.